ಬಯಲುಸೀಮೆಗೊಂದು, ಕರಾವಳಿಗೊಂದು: ಒಂದೇ ಚಿಕುನ್‌ಗುನ್ಯ ಊರಿಂದೂರಿಗೆ ಬೇರೆಯಾಗುವುದು ಯಾಕೆ?

2025ರಲ್ಲಿ ಬಂದ ಚಿಕುನ್‌ಗುನ್ಯ ಸುದ್ದಿಗಳನ್ನೆಲ್ಲ ಒಟ್ಟಿಗೆ ಓದಿದವರಿಗೆ ತಲೆ ಕೆಟ್ಟಿದ್ದರೆ ಆಶ್ಚರ್ಯವಿಲ್ಲ. ಹಿಂದೂ ಮಹಾಸಾಗರದ ರಿಯೂನಿಯನ್ ಎಂಬ ಫ್ರೆಂಚ್ ದ್ವೀಪದಲ್ಲಿ 50 ಸಾವಿರಕ್ಕೂ ಜಾಸ್ತಿ ಜನರಿಗೆ ಕಾಯಿಲೆ ದೃಢಪಟ್ಟಿತು. ಸಾವುಗಳೂ ಆದವು. ಚೀನಾದ ಫೋಶಾನ್ ನಗರದಲ್ಲಿ ಜುಲೈನಲ್ಲಿ ಶುರುವಾದದ್ದು ಕೆಲವೇ ವಾರಗಳಲ್ಲಿ 7 ಸಾವಿರ ದಾಟಿತು. ಆದರೆ ಅಲ್ಲಿ ಹೆಚ್ಚಿನವರಿಗೆ ಬಂದದ್ದು ಸೌಮ್ಯ ಜ್ವರ. ಫ್ರಾನ್ಸ್‌ನಲ್ಲಿ ಊರು ಬಿಟ್ಟು ಎಲ್ಲೂ ಹೋಗದ ನೂರಾರು ಜನರಿಗೂ ಇದು ಬಂತು. ಇಪ್ಪತ್ತು ವರ್ಷದ ಹಿಂದೆ ಹಿಂದೂ ಮಹಾಸಾಗರದ ದ್ವೀಪಗಳಿಂದ ದೇಶ ದೇಶಕ್ಕೆ ಹಬ್ಬಿದಂತೆ ಇದು ಮತ್ತೆ ಹಬ್ಬಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸಿತು. ಇದರ ನಡುವೆ ‘ರೂಪಾಂತರಿ ವೈರಸ್’ ಎಂಬ ಮಾತೂ ಓಡಾಡಿತು.

ಕೋವಿಡ್ ಬಂದ ಮೇಲೆ ನಮಗೊಂದು ಅಭ್ಯಾಸ ಆಗಿಬಿಟ್ಟಿದೆ. ಎಲ್ಲಾದರೂ ಕಾಯಿಲೆ ಜೋರಾದರೆ ‘ವೈರಸ್ ಬದಲಾಗಿದೆ’ ಅಂದುಬಿಡುತ್ತೇವೆ. ಈ ಮಾತು ಎಷ್ಟು ನಿಜ ಅಂತ ನೋಡಲು ಚಿಕುನ್‌ಗುನ್ಯದಷ್ಟು ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಇಲ್ಲಿ ಒಂದು ಸಣ್ಣ ರೂಪಾಂತರ ನಿಜವಾಗಿಯೂ ಕಾಯಿಲೆಯ ಭೂಪಟವನ್ನೇ ಬದಲಿಸಿತು. ಹಾಗೆಯೇ, ಆ ರೂಪಾಂತರ ಇಲ್ಲದೆಯೂ ಅದೇ ವೈರಸ್ ಲಕ್ಷಾಂತರ ಜನರನ್ನು ಮಲಗಿಸಿತು. ಎರಡೂ ನಡೆದದ್ದು ಕರ್ನಾಟಕದಲ್ಲೇ, ಎರಡು ವರ್ಷಗಳ ಅಂತರದಲ್ಲಿ.

ರೂಪಾಂತರ ಅಂದರೆ ನಕಲಿನ ತಪ್ಪು

ಚಿಕುನ್‌ಗುನ್ಯ ವೈರಸ್‌ನ ಒಳಗಿರುವುದು ಸುಮಾರು 11,800 ಅಕ್ಷರಗಳ ಒಂದು ಆರ್‌ಎನ್‌ಎ ಎಳೆ. ನಮ್ಮ ಜೀವಕೋಶದೊಳಗೆ ಸೇರಿದ ವೈರಸ್ ಈ ಎಳೆಯನ್ನು ಮತ್ತೆ ಮತ್ತೆ ನಕಲು ಮಾಡುತ್ತದೆ. ನಕಲು ಮಾಡುವ ಅದರ ಕಿಣ್ವಕ್ಕೆ ತಪ್ಪು ತಿದ್ದುವ ಅಭ್ಯಾಸ ಇಲ್ಲ. ಆದ್ದರಿಂದ ಇಂಥ ವೈರಸ್‌ಗಳಲ್ಲಿ ಹತ್ತು ಸಾವಿರದಿಂದ ಒಂದು ಲಕ್ಷ ಅಕ್ಷರಗಳಿಗೆ ಒಂದರಂತೆ ತಪ್ಪಾಗುತ್ತದೆ. ಅಂದರೆ ಪ್ರತಿ ಕೆಲವು ನಕಲುಗಳಲ್ಲಿ ಒಂದಾದರೂ ಮೂಲಕ್ಕಿಂತ ಬೇರೆ. ಒಬ್ಬ ರೋಗಿಯ ದೇಹದಲ್ಲಿ ಕೋಟಿಗಟ್ಟಲೆ ನಕಲುಗಳು ಆಗುತ್ತವೆ. ಹಾಗಾಗಿ ರೂಪಾಂತರ ಅನ್ನುವುದು ಎಂದೋ ಒಮ್ಮೆ ಆಗುವ ಘಟನೆ ಅಲ್ಲ. ಅದು ದಿನನಿತ್ಯ, ಪ್ರತಿ ರೋಗಿಯಲ್ಲೂ ಆಗುತ್ತಲೇ ಇರುತ್ತದೆ.

ಎಲ್ಲ ವೈರಸ್‌ಗಳೂ ಇಷ್ಟು ಅಜಾಗರೂಕವಲ್ಲ. ಸುಮಾರು 30 ಸಾವಿರ ಅಕ್ಷರಗಳ ಕೊರೊನಾ ವೈರಸ್‌ಗೆ ತಪ್ಪು ತಿದ್ದುವ ವ್ಯವಸ್ಥೆ ಒಂದಿದೆ. ಸಿಡುಬಿನಂಥ ಡಿಎನ್‌ಎ ವೈರಸ್‌ಗಳು ಇನ್ನೂ ನಿಧಾನ.

ಆಗುವ ತಪ್ಪುಗಳಲ್ಲಿ ಬಹುಪಾಲು ವೈರಸ್‌ಗೇ ಹಾನಿ ಮಾಡುತ್ತವೆ, ಇಲ್ಲವೇ ಯಾವ ಪರಿಣಾಮವನ್ನೂ ಬೀರುವುದಿಲ್ಲ. ಚಿಕುನ್‌ಗುನ್ಯಕ್ಕೆ ಇನ್ನೊಂದು ತೊಡಕೂ ಇದೆ. ಅದು ಸೊಳ್ಳೆಯಲ್ಲೂ ಬದುಕಬೇಕು, ಮನುಷ್ಯನಲ್ಲೂ ಬದುಕಬೇಕು. ಮನುಷ್ಯನಲ್ಲಿ ಅನುಕೂಲವಾದ ಬದಲಾವಣೆ ಸೊಳ್ಳೆಯ ಹೊಟ್ಟೆಯಲ್ಲಿ ಮುಳುವಾಗಬಹುದು. ಎರಡೂ ಕಡೆ ಪಾಸಾದ ಬದಲಾವಣೆ ಮಾತ್ರ ಉಳಿಯುತ್ತದೆ.

ಹಾಗಾದರೆ ಯಾವುದು ಉಳಿಯಬೇಕು ಎಂದು ತೀರ್ಮಾನ ಮಾಡುವವರು ಯಾರು? ವೈರಸ್ ಅಂತೂ ಅಲ್ಲ, ಅದಕ್ಕೆ ಉದ್ದೇಶ ಅನ್ನುವುದೇ ಇಲ್ಲ. ಅದು ಬಂದು ಇಳಿದ ಊರು, ಅಲ್ಲಿನ ಸೊಳ್ಳೆ, ಅಲ್ಲಿನ ಜನ ಸೇರಿ ತೀರ್ಮಾನ ಮಾಡುತ್ತಾರೆ.

226ನೇ ಸ್ಥಾನದಲ್ಲಿ ಆದದ್ದು

2004ರಲ್ಲಿ ಕೀನ್ಯಾದ ಲಾಮು ದ್ವೀಪದಲ್ಲಿ ಚಿಕುನ್‌ಗುನ್ಯ ದೊಡ್ಡದಾಗಿ ಕಾಣಿಸಿಕೊಂಡಿತು. 2005ರ ಆರಂಭದಲ್ಲಿ ಕೊಮೊರೊಸ್ ದ್ವೀಪಗಳಿಗೆ ಬಂತು. ಅಲ್ಲಿಂದ ರಿಯೂನಿಯನ್‌ಗೂ ಮಾರಿಷಸ್‌ಗೂ ದಾಟಿತು.

ಚಿಕುನ್‌ಗುನ್ಯವನ್ನು ಮಾಮೂಲಿಯಾಗಿ ಹರಡುವುದು ಈಡಿಸ್ ಈಜಿಪ್ಟೈ ಸೊಳ್ಳೆ. ನಮ್ಮಲ್ಲಿ ಡೆಂಗಿ ಹರಡುವುದೂ ಇದೇ. ಆದರೆ ರಿಯೂನಿಯನ್‌ನಲ್ಲಿ ಈ ಸೊಳ್ಳೆ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಅಲ್ಲಿ ತುಂಬಿಕೊಂಡಿದ್ದದ್ದು ಅದರ ದಾಯಾದಿ ಈಡಿಸ್ ಆಲ್ಬೊಪಿಕ್ಟಸ್, ಅಂದರೆ ಏಷ್ಯನ್ ಟೈಗರ್ ಸೊಳ್ಳೆ. ಹಳೆಯ ವೈರಸ್ ಈ ಸೊಳ್ಳೆಯ ಹೊಟ್ಟೆಯಲ್ಲಿ ಅಷ್ಟು ಸುಲಭವಾಗಿ ಬೆಳೆಯುತ್ತಿರಲಿಲ್ಲ.

ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಯ ವಿಜ್ಞಾನಿಗಳು ದ್ವೀಪದ ರೋಗಿಗಳಿಂದ ತೆಗೆದ ವೈರಸ್‌ಗಳ ಅಕ್ಷರಗಳನ್ನು ಓದಿ ನೋಡಿದರು. ಮೊದಲ ತಿಂಗಳುಗಳ ವೈರಸ್‌ನಲ್ಲಿ ಇ1 ಎಂಬ ಹೊರಕವಚದ ಪ್ರೋಟೀನಿನ 226ನೇ ಸ್ಥಾನದಲ್ಲಿ ಅಲನಿನ್ ಎಂಬ ಅಮೈನೊ ಆಮ್ಲ, ಅಂದರೆ ಪ್ರೋಟೀನಿನ ಒಂದು ಘಟಕ, ಇತ್ತು. 2005ರ ಕೊನೆಯ ಭಾಗದಿಂದ ಸಿಕ್ಕ ವೈರಸ್‌ಗಳಲ್ಲಿ ಶೇ 90ಕ್ಕೂ ಹೆಚ್ಚಿನವುಗಳಲ್ಲಿ ಅಲ್ಲಿ ವ್ಯಾಲಿನ್ ಬಂದು ಕೂತಿತ್ತು. ವಿಜ್ಞಾನಿಗಳು ಇದನ್ನು ಎ226ವಿ ಎನ್ನುತ್ತಾರೆ. ಒಂದು ಅಮೈನೊ ಆಮ್ಲದ ಬದಲಾವಣೆ, ಅಷ್ಟೇ.

2007ರಲ್ಲಿ ಅಮೆರಿಕದ ಗ್ಯಾಲ್ವೆಸ್ಟನ್‌ನ ಪ್ರಯೋಗಾಲಯದಲ್ಲಿ ಇದರ ಪರೀಕ್ಷೆ ನಡೆಯಿತು. ಈ ಬದಲಾವಣೆ ಇರುವ ವೈರಸ್ ಆಗಿದ್ದರೆ ಮೊದಲಿಗಿಂತ ಸುಮಾರು ನೂರು ಪಟ್ಟು ಕಡಿಮೆ ಪ್ರಮಾಣವೂ ಟೈಗರ್ ಸೊಳ್ಳೆಗೆ ಸೋಂಕು ತಗಲಿಸಲು ಸಾಕಾಗುತ್ತಿತ್ತು. ಈಜಿಪ್ಟೈ ಸೊಳ್ಳೆಯಲ್ಲಿ ಮಾತ್ರ ಇದರಿಂದ ವೈರಸ್‌ಗೆ ಏನೂ ಲಾಭ ಇರಲಿಲ್ಲ.

ಇಲ್ಲಿ ಒಂದು ವಿಷಯ ಗಮನಿಸಬೇಕು. ಎ226ವಿ ಸುಧಾರಿಸಿದ್ದು ವೈರಸ್ ಮತ್ತು ಸೊಳ್ಳೆಯ ಸಂಬಂಧವನ್ನು. ಅದರಿಂದ ಕೀಲು ನೋವು ಜಾಸ್ತಿ ಆಯಿತು ಅಂತಲ್ಲ. ಹಿಂದೆ ಸೋಂಕು ಬಂದು ಹೋದವರ ರೋಗನಿರೋಧಕ ಶಕ್ತಿಯಿಂದ ಅದು ತಪ್ಪಿಸಿಕೊಂಡಿತು ಅಂತಲೂ ಅಲ್ಲ. ಡೆಂಗಿಯಲ್ಲಿ ನಾಲ್ಕು ಬಗೆ ಇವೆ, ಒಂದು ಬಂದವರಿಗೆ ಇನ್ನೊಂದು ಬರಬಹುದು. ಚಿಕುನ್‌ಗುನ್ಯದಲ್ಲಿ ಹಾಗಿಲ್ಲ. ಒಮ್ಮೆ ಬಂದವರಿಗೆ ದೀರ್ಘಕಾಲದ ರಕ್ಷಣೆ ಸಿಗುತ್ತದೆ. ಆದರೂ ಸುಮಾರು 2.66 ಲಕ್ಷ ಜನರಿಗೆ, ಅಂದರೆ ರಿಯೂನಿಯನ್ ದ್ವೀಪದ ಮೂರನೇ ಒಂದು ಭಾಗಕ್ಕೆ ಕಾಯಿಲೆ ತಗುಲಿತು. ಯಾಕೆಂದರೆ ಅಲ್ಲಿ ಟೈಗರ್ ಸೊಳ್ಳೆ ಯಥೇಚ್ಛವಾಗಿತ್ತು, ಮತ್ತು ಮೊದಲೇ ಸೋಂಕು ಬಂದಿದ್ದ ಜನ ಇರಲೇ ಇಲ್ಲ.

ಬದಲಾಗದ ವೈರಸ್, ಏಳೂವರೆ ಲಕ್ಷ ರೋಗಿಗಳು

ಈಗ ಕರ್ನಾಟಕಕ್ಕೆ ಬರೋಣ. 2005ರ ಕೊನೆಗೆ ಆಂಧ್ರ ಮತ್ತು ಕರ್ನಾಟಕದಲ್ಲಿ ಚಿಕುನ್‌ಗುನ್ಯ ಶುರುವಾಯಿತು. 2006ರಲ್ಲಿ ದೇಶದಲ್ಲಿ ಸುಮಾರು 14 ಲಕ್ಷ ಶಂಕಿತ ಪ್ರಕರಣಗಳು ದಾಖಲಾದವು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು, ಸುಮಾರು 7.5 ಲಕ್ಷ, ಕರ್ನಾಟಕದ್ದೇ. ಆಗ ಊರಿಗೆ ಊರೇ ಕೀಲು ಹಿಡಿದುಕೊಂಡು ಮಲಗಿದ್ದನ್ನು ಬಯಲುಸೀಮೆಯವರು ಇವತ್ತಿಗೂ ಮರೆತಿಲ್ಲ.

ಆದರೆ ಈ ವೈರಸ್‌ನ 226ನೇ ಸ್ಥಾನದಲ್ಲಿ ಇದ್ದದ್ದು ಹಳೆಯ ಅಲನಿನ್ನೇ. ರಿಯೂನಿಯನ್‌ನಲ್ಲಿ ಗೆದ್ದ ರೂಪಾಂತರ ಇಲ್ಲಿ ಇರಲಿಲ್ಲ. ಅದರ ಅಗತ್ಯವೂ ಇರಲಿಲ್ಲ. ಯಾಕೆಂದರೆ ಇಲ್ಲಿ ಈಜಿಪ್ಟೈ ಸೊಳ್ಳೆ ಬೇಕಾದಷ್ಟಿತ್ತು.

ಮಳೆ ಕಡಿಮೆ ಇರುವ ಕಲಬುರಗಿ, ರಾಯಚೂರು, ಬಳ್ಳಾರಿ, ತುಮಕೂರಿನಂಥ ಕಡೆ ಸೊಳ್ಳೆ ಎಲ್ಲಿಂದ ಬಂತು ಅನ್ನಿಸಬಹುದು. ಬಂದದ್ದು ಮಳೆ ಇಲ್ಲದ್ದರಿಂದಲೇ. ನಲ್ಲಿಯಲ್ಲಿ ನಾಲ್ಕಾರು ದಿನಕ್ಕೊಮ್ಮೆ ನೀರು ಬಂದರೆ ಜನ ಏನು ಮಾಡುತ್ತಾರೆ? ಸಿಮೆಂಟ್ ತೊಟ್ಟಿ, ಡ್ರಮ್ಮು, ಕೊಡ, ಬಕೆಟ್ಟು ಎಲ್ಲದರಲ್ಲೂ ತುಂಬಿಸಿಡುತ್ತಾರೆ. ಈಜಿಪ್ಟೈ ಸೊಳ್ಳೆ ಮೊಟ್ಟೆ ಇಡುವುದು ಕೊಳಚೆಯಲ್ಲಿ ಅಲ್ಲ, ಹೀಗೆ ಮನೆಯಲ್ಲಿ ನಿಂತ ಶುದ್ಧ ನೀರಿನಲ್ಲಿ. ಮೊಟ್ಟೆಯಿಂದ ಸೊಳ್ಳೆಯಾಗಿ ಹಾರಲು ಒಂದು ವಾರ, ಹತ್ತು ದಿನ ಸಾಕು. ತಳ ಕಾಣುವಂತೆ ತೊಟ್ಟಿ ಖಾಲಿ ಮಾಡಿ ಉಜ್ಜುವುದು ಅದಕ್ಕಿಂತ ತಡವಾದರೆ ಮುಗಿಯಿತು. ನೀರು ಸರಬರಾಜಿನ ಸಮಸ್ಯೆ ಸದ್ದಿಲ್ಲದೆ ಆರೋಗ್ಯದ ಸಮಸ್ಯೆ ಆಗುವುದು ಹೀಗೆ.

ಎರಡನೆಯ ಕಾರಣ ಜನರ ವಯಸ್ಸಿನಲ್ಲಿ ಇದೆ. ಭಾರತಕ್ಕೆ ಚಿಕುನ್‌ಗುನ್ಯ ಹೊಸದೇನಲ್ಲ. 1963ರಲ್ಲಿ ಕೋಲ್ಕತ್ತದಲ್ಲಿ, 1964ರಲ್ಲಿ ಚೆನ್ನೈನಲ್ಲಿ, 1973ರಲ್ಲಿ ಮಹಾರಾಷ್ಟ್ರದ ಬಾರ್ಶಿಯಲ್ಲಿ ಬಂದಿತ್ತು. ಆಮೇಲೆ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ದೊಡ್ಡ ಸದ್ದು ಇರಲಿಲ್ಲ. ಆ ಅವಧಿಯಲ್ಲಿ ಹುಟ್ಟಿದ ಬಹುತೇಕರ ರಕ್ತದಲ್ಲಿ ಇದರ ವಿರುದ್ಧ ಪ್ರತಿಕಾಯ ಇರಲಿಲ್ಲ. ಹಳ್ಳಿಗಳಲ್ಲಂತೂ ಹಿರಿಯರಿಗೂ ಸೋಂಕು ಆಗಿದ್ದದ್ದು ಅಪರೂಪ. ಹೀಗೆ ತಡೆ ಇಲ್ಲದ ಜನ, ಮನೆಯೊಳಗೇ ಸೊಳ್ಳೆ. ಇವೆರಡು ಇದ್ದಾಗ ವೈರಸ್ ಬದಲಾಗಲೇಬೇಕು ಅಂತೇನಿಲ್ಲ.

ಘಟ್ಟ ಇಳಿದ ಮೇಲೆ

ಕೇರಳದಲ್ಲೂ 2006ರಲ್ಲಿ ಆಲಪ್ಪುಳ ಜಿಲ್ಲೆಯ ಸುತ್ತ ಕಾಯಿಲೆ ಕಾಣಿಸಿಕೊಂಡಿತ್ತು. 2007ರಲ್ಲಿ ಅದು ಕೋಟ್ಟಯಂ, ಪತ್ತನಂತಿಟ್ಟ, ಇಡುಕ್ಕಿಯಂಥ ಗುಡ್ಡದ ಜಿಲ್ಲೆಗಳಲ್ಲಿ ಜೋರಾಯಿತು. ಇವು ರಬ್ಬರ್ ಸೀಮೆಗಳು. ಮರದ ಹಾಲು ಇಳಿಸಲು ಕಟ್ಟಿದ ಚಿಪ್ಪು, ಕಪ್ಪುಗಳಲ್ಲಿ ಮಳೆಗಾಲದಲ್ಲಿ ನೀರು ನಿಲ್ಲುತ್ತದೆ. ಒಂದೊಂದು ತೋಟದಲ್ಲಿ ಇಂಥವು ಸಾವಿರಾರು. ಟೈಗರ್ ಸೊಳ್ಳೆಗೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಅದು ಮನೆಯೊಳಗಿನ ತೊಟ್ಟಿಗಿಂತ ಮರಗಿಡಗಳ ನಡುವಿನ ನೆರಳನ್ನೇ ಹೆಚ್ಚು ಇಷ್ಟಪಡುತ್ತದೆ, ಹಗಲು ಹೊತ್ತು ತೋಟದಲ್ಲಿ ಕೆಲಸ ಮಾಡುವವರನ್ನು ಕಚ್ಚುತ್ತದೆ.

ಅಲ್ಲಿ ಸಿಕ್ಕ ವೈರಸ್‌ನಲ್ಲಿ ಎ226ವಿ ಇತ್ತು. 2008ರಲ್ಲಿ ದಕ್ಷಿಣ ಕನ್ನಡದಲ್ಲಿ ಕಾಯಿಲೆ ಹಬ್ಬಿದಾಗ ತೆಗೆದ ವೈರಸ್‌ನಲ್ಲೂ ಅದೇ ಬದಲಾವಣೆ ಕಂಡುಬಂತು. ಸುಳ್ಯ, ಬೆಳ್ತಂಗಡಿ ಕಡೆಯ ರಬ್ಬರ್ ತೋಟ, ಅಡಿಕೆ ತೋಟದಲ್ಲಿ ಬಿದ್ದು ನೀರು ತುಂಬಿಕೊಳ್ಳುವ ಹಾಳೆ, ಜೂನ್‌ನಿಂದ ಬಿಡದೆ ಸುರಿಯುವ ಮಳೆ. ನೋಡಿದರೆ ಕೋಟ್ಟಯಂಗೂ ಇಲ್ಲಿಗೂ ಏನು ವ್ಯತ್ಯಾಸ? ಆದರೆ ಅದೇ ರಾಜ್ಯದ ಕಲಬುರಗಿಗೂ ಸುಳ್ಯಕ್ಕೂ ಸೊಳ್ಳೆಯೂ ಬೇರೆ, ವೈರಸ್ಸೂ ಬೇರೆ, ನೀರು ನಿಲ್ಲುವ ಕಾರಣವೂ ಬೇರೆ.

ಹಾಗಾದರೆ ರಿಯೂನಿಯನ್‌ನ ರೂಪಾಂತರಿಯೇ ವಿಮಾನ ಹತ್ತಿ ಕೇರಳಕ್ಕೆ ಬಂತಾ? ವೈರಸ್‌ಗಳ ವಂಶವೃಕ್ಷ ಹೋಲಿಸಿದವರು ಹಾಗಲ್ಲ ಎನ್ನುತ್ತಾರೆ. ಭಾರತದಲ್ಲಿದ್ದ ವೈರಸ್ಸೇ ಇಲ್ಲಿ ಪ್ರತ್ಯೇಕವಾಗಿ ಅದೇ ಬದಲಾವಣೆ ಪಡೆಯಿತು. ಮಧ್ಯ ಆಫ್ರಿಕಾದ ಕ್ಯಾಮರೂನ್, ಗ್ಯಾಬನ್‌ಗಳಲ್ಲೂ ಟೈಗರ್ ಸೊಳ್ಳೆ ಬಂದು ನೆಲೆಸಿದ ಮೇಲೆ ಇದೇ ಆಯಿತು. ಬೇರೆ ಬೇರೆ ಕಡೆ, ಒಂದಕ್ಕೊಂದು ಸಂಬಂಧ ಇಲ್ಲದೆ, ಅದೇ 226ನೇ ಸ್ಥಾನದಲ್ಲಿ ಅದೇ ಬದಲಾವಣೆ. ಈ ತಪ್ಪು ಎಲ್ಲ ಕಡೆಯೂ ಆಗುತ್ತಲೇ ಇರಬೇಕು. ಟೈಗರ್ ಸೊಳ್ಳೆಯೇ ಮುಖ್ಯವಾಗಿರುವ ಕಡೆ ಮಾತ್ರ ಅದು ಗೆಲ್ಲುತ್ತದೆ. ‘ಹೊರಗಿನಿಂದ ಬಂದ ರೂಪಾಂತರಿ’ ಎಂಬ ಸಲೀಸಾದ ವಿವರಣೆಯನ್ನು ಸುಮ್ನೆ ಒಪ್ಪಿಕೊಳ್ಳಬಾರದು ಅನ್ನುವುದು ಇದಕ್ಕೇ.

ಎಲ್ಲ ತಳಿಗೂ ಈ ದಾರಿ ತೆರೆದಿಲ್ಲ

ಇನ್ನೊಂದು ಪ್ರಶ್ನೆ ಉಳಿಯುತ್ತದೆ. ಟೈಗರ್ ಸೊಳ್ಳೆಯ ತವರು ಆಗ್ನೇಯ ಏಷ್ಯಾ. ಅಲ್ಲಿ ಚಿಕುನ್‌ಗುನ್ಯದ ಏಷ್ಯಾ ತಳಿ ದಶಕಗಳಿಂದ ಇತ್ತು. ಆದರೂ ಅದು ಯಾಕೆ ಆ ಸೊಳ್ಳೆಗೆ ಹೊಂದಿಕೊಳ್ಳಲಿಲ್ಲ? ಗ್ಯಾಲ್ವೆಸ್ಟನ್‌ನ ವಿಜ್ಞಾನಿಗಳು 2011ರಲ್ಲಿ ಉತ್ತರ ಕೊಟ್ಟರು. ಏಷ್ಯಾ ತಳಿಯಲ್ಲಿ ಅದೇ ಇ1 ಪ್ರೋಟೀನಿನ 98ನೇ ಸ್ಥಾನದಲ್ಲಿ ಹಿಂದೆಂದೋ ಒಂದು ಬದಲಾವಣೆ ಆಗಿಹೋಗಿದೆ. ಅದು ಇರುವವರೆಗೆ 226ರಲ್ಲಿ ಏನೇ ಬದಲಾದರೂ ಪ್ರಯೋಜನ ಇಲ್ಲ. ರಿಯೂನಿಯನ್‌ಗೆ ಮತ್ತು ನಮಗೆ ಬಂದದ್ದು ಆಫ್ರಿಕಾದ ತಳಿ. ಅದಕ್ಕೆ ಈ ತಡೆ ಇರಲಿಲ್ಲ. ಅಂದರೆ ವೈರಸ್‌ನ ಹಳೆಯ ಬದಲಾವಣೆಗಳು ಅದರ ಮುಂದಿನ ದಾರಿಯನ್ನು ಮುಚ್ಚಲೂಬಹುದು.

ಹಾಗಂತ ಏಷ್ಯಾ ತಳಿ ಕೈಲಾಗದ್ದು ಅಂದುಕೊಳ್ಳಬೇಡಿ. 2013ರ ಡಿಸೆಂಬರ್‌ನಲ್ಲಿ ಕೆರಿಬಿಯನ್‌ನ ಸೇಂಟ್ ಮಾರ್ಟಿನ್ ದ್ವೀಪದಲ್ಲಿ ಕಾಣಿಸಿಕೊಂಡದ್ದು ಇದೇ ತಳಿ. ಒಂದು ವರ್ಷದಲ್ಲಿ ಅಮೆರಿಕ ಖಂಡಗಳಲ್ಲಿ 10 ಲಕ್ಷಕ್ಕೂ ಹೆಚ್ಚು ಪ್ರಕರಣಗಳಾದವು. ಅಲ್ಲಿ ಈಜಿಪ್ಟೈ ಸೊಳ್ಳೆ ಎಲ್ಲೆಲ್ಲೂ ಇತ್ತು, ಜನರಿಗೆ ಈ ಕಾಯಿಲೆಯ ಪರಿಚಯವೇ ಇರಲಿಲ್ಲ. 2016ರಲ್ಲಿ ದೆಹಲಿಯಲ್ಲಿ ಹಬ್ಬಿದ ವೈರಸ್‌ನಲ್ಲೂ ಎ226ವಿ ಇರಲಿಲ್ಲ.

ವೈರಸ್ಸಾ, ಊರಾ?

ಈ ವಿಷಯದಲ್ಲಿ ತಜ್ಞರ ಮಾತು ಎರಡು ಕಡೆ ಎಳೆಯುತ್ತದೆ. ವೈರಸ್ ತಜ್ಞರು ಅದರ ಅಕ್ಷರಗಳನ್ನು ಬೇಗ ಓದಿ ಎನ್ನುತ್ತಾರೆ. ಎ226ವಿ ಇದೆಯೇ ಎಂದು ಗೊತ್ತಾದರೆ ಮುಂದಿನ ಅಪಾಯ ಯಾವ ಪ್ರದೇಶಕ್ಕೆ ಅಂತ ಹೇಳಬಹುದು. ಸಾರ್ವಜನಿಕ ಆರೋಗ್ಯದವರು ಮೊದಲು ತೊಟ್ಟಿ ನೋಡಿ, ಸೊಳ್ಳೆ ನೋಡಿ ಎನ್ನುತ್ತಾರೆ. ವೈರಸ್ ಯಾವುದಾದರೂ ನಿಂತ ನೀರು ಇಲ್ಲದಿದ್ದರೆ ಕಾಯಿಲೆ ಇಲ್ಲ.

ನಿಜ ಹೇಳಬೇಕೆಂದರೆ ಇಬ್ಬರೂ ಬೇರೆ ಬೇರೆ ಪ್ರಶ್ನೆಗೆ ಉತ್ತರ ಕೊಡುತ್ತಿದ್ದಾರೆ. ಯಾವ ಸೊಳ್ಳೆ ಹೊರಬಲ್ಲದು ಎಂಬುದನ್ನು ರೂಪಾಂತರ ಹೇಳುತ್ತದೆ. ಎಷ್ಟು ಜನರಿಗೆ ಬರುತ್ತದೆ ಎಂಬುದನ್ನು ಊರು ಹೇಳುತ್ತದೆ. ತೊಂದರೆ ಆಗುವುದು ಆಡಳಿತ ಇದರಲ್ಲಿ ಒಂದನ್ನು ಮಾತ್ರ ಹಿಡಿದುಕೊಂಡಾಗ. ‘ಹೊಸ ರೂಪಾಂತರಿ ಬಂದಿದೆ, ನಾವೇನು ಮಾಡೋಣ’ ಅಂದರೆ ಕಸ ತೆಗೆಯದ್ದಕ್ಕೆ, ನೀರು ಸರಿಯಾಗಿ ಬಿಡದ್ದಕ್ಕೆ ನೆಪ ಸಿಕ್ಕಂತೆ.

ಇವೆರಡರ ಜೊತೆ ಕಾಲವೂ ಸೇರುತ್ತದೆ. 2006ರಲ್ಲೂ ರಿಯೂನಿಯನ್‌ನಿಂದ ನೂರಾರು ಸೋಂಕಿತರು ಫ್ರಾನ್ಸ್‌ಗೆ ಬಂದಿದ್ದರು, ಅವರ ದೇಹದಲ್ಲಿ ಎ226ವಿ ವೈರಸ್ ಇತ್ತು. ಆದರೂ ಅಲ್ಲಿ ಹರಡಲಿಲ್ಲ. ದ್ವೀಪದಲ್ಲಿ ಕಾಯಿಲೆ ತುದಿ ಮುಟ್ಟಿದ ಫೆಬ್ರುವರಿ ಯುರೋಪಿಗೆ ಚಳಿಗಾಲ. ಟೈಗರ್ ಸೊಳ್ಳೆಯೂ ಆಗ ಫ್ರಾನ್ಸ್‌ನ ಆಗ್ನೇಯ ಮೂಲೆಯಲ್ಲಿ ಮಾತ್ರ ಇತ್ತು. 2007ರ ಬೇಸಿಗೆಯಲ್ಲಿ ಕೇರಳದಿಂದ ಹೋದ ಒಬ್ಬ ಪ್ರಯಾಣಿಕರಿಂದ ಇಟಲಿಯ ಕಾಸ್ಟಿಲ್ಯೋನೆ ದಿ ಚೆರ್ವಿಯ ಎಂಬ ಹಳ್ಳಿಯ ಸುತ್ತ ಇನ್ನೂರಕ್ಕೂ ಹೆಚ್ಚು ಜನರಿಗೆ ಹರಡಿತು. 2025ರ ಹೊತ್ತಿಗೆ ಟೈಗರ್ ಸೊಳ್ಳೆ ಫ್ರಾನ್ಸ್‌ನ 96 ಜಿಲ್ಲೆಗಳ ಪೈಕಿ 81ರಲ್ಲಿ ನೆಲೆಸಿತ್ತು. ದ್ವೀಪದಲ್ಲಿ ಕಾಯಿಲೆ ಏರಿದ್ದೂ ಏಪ್ರಿಲ್ ಸುಮಾರಿಗೆ, ಯುರೋಪಿನ ಬೇಸಿಗೆ ಹತ್ತಿರ ಬರುವಾಗ.

ಸಾವಿನ ಲೆಕ್ಕ ಯಾಕೆ ಹೊಂದುವುದಿಲ್ಲ

ರಿಯೂನಿಯನ್‌ನಲ್ಲಿ 2005–06ರಲ್ಲಿ ಸುಮಾರು 250 ಸಾವುಗಳಿಗೆ ಚಿಕುನ್‌ಗುನ್ಯ ಕಾರಣ ಎಂದು ದಾಖಲಾಯಿತು. 14 ಲಕ್ಷ ಶಂಕಿತರಿದ್ದ ಭಾರತದಲ್ಲಿ ಇದರಿಂದ ನೇರವಾಗಿ ಸಾವಾಗಿಲ್ಲ ಎಂಬುದೇ ಸರ್ಕಾರದ ನಿಲುವಾಗಿತ್ತು. ಹಾಗಾದರೆ ನಮ್ಮ ವೈರಸ್ ಸೌಮ್ಯವೇ?

ಅಹಮದಾಬಾದ್ ನಗರದ ಸಾವಿನ ನೋಂದಣಿಯನ್ನು ಸಂಶೋಧಕರು ಹಿಂದಿನ ವರ್ಷಗಳ ಜೊತೆ ಹೋಲಿಸಿದರು. ಅಲ್ಲಿ ಕಾಯಿಲೆ ಹಬ್ಬಿದ್ದ 2006ರ ಆಗಸ್ಟ್‌ನಿಂದ ನವೆಂಬರ್‌ವರೆಗೆ, ನಿರೀಕ್ಷೆಗಿಂತ 2,944 ಸಾವು ಜಾಸ್ತಿ ಆಗಿತ್ತು. ಎಲ್ಲವೂ ಚಿಕುನ್‌ಗುನ್ಯದಿಂದಲೇ ಆಯಿತು ಎಂದು ಈ ಲೆಕ್ಕ ಸಾಬೀತು ಮಾಡುವುದಿಲ್ಲ. ಆದರೆ ‘ಸೊನ್ನೆ’ಯನ್ನು ನಂಬಲು ಆಗುವುದಿಲ್ಲ ಅನ್ನುವುದನ್ನಂತೂ ತೋರಿಸುತ್ತದೆ. ಸಕ್ಕರೆ ಕಾಯಿಲೆಯೋ ಹೃದಯದ ತೊಂದರೆಯೋ ಇರುವ ವಯಸ್ಸಾದವರು ಜ್ವರ ಬಂದು ತೀರಿಕೊಂಡರೆ ನಮ್ಮಲ್ಲಿ ಸಾವಿನ ಪ್ರಮಾಣಪತ್ರದ ಮೇಲೆ ಬರುವುದು ಹೃದಯಾಘಾತ. ಜೊತೆಗೆ ಪ್ರಯೋಗಾಲಯದ ಪರೀಕ್ಷೆಗೆ ಹೋದದ್ದು ಶಂಕಿತರಲ್ಲಿ ತೀರಾ ಸಣ್ಣ ಪಾಲು. ಎರಡು ದೇಶಗಳ ಕಾಯಿಲೆಯನ್ನು ಹೋಲಿಸುತ್ತಿದ್ದೇವೆ ಅಂದುಕೊಂಡು ನಾವು ಎಷ್ಟೋ ಸಲ ಹೋಲಿಸುವುದು ಅವುಗಳ ರಿಜಿಸ್ಟರ್‌ಗಳನ್ನು, ಅಲ್ವಾ?

ಮುಂದಿನ ಸರದಿ ಎಲ್ಲಿ?

ರಿಯೂನಿಯನ್‌ನಲ್ಲಿ 2006ರಲ್ಲಿ ಮೂರರಲ್ಲಿ ಒಂದು ಪಾಲು ಜನರಿಗೆ ಬಂದಿತ್ತು ಅಂದರೆ ಮೂರರಲ್ಲಿ ಎರಡು ಪಾಲು ಉಳಿದಿದ್ದರು. ಅವರ ಜೊತೆ ಇಪ್ಪತ್ತು ವರ್ಷಗಳಲ್ಲಿ ಹುಟ್ಟಿದ ಮಕ್ಕಳೂ ಸೇರಿದರು. 2025ರಲ್ಲಿ ವೈರಸ್ ಮರಳಿದಾಗ ಅದಕ್ಕೆ ಸಿಕ್ಕವರು ಇವರು.

ಭಾರತದಲ್ಲೂ ಇದೇ ಲೆಕ್ಕ ಹಾಕಬಹುದು. 2017–18ರಲ್ಲಿ ದೇಶದಾದ್ಯಂತ ನಡೆದ ರಕ್ತ ಸಮೀಕ್ಷೆಯಲ್ಲಿ ಒಟ್ಟು ಶೇ 18.1 ಜನರಲ್ಲಿ ಚಿಕುನ್‌ಗುನ್ಯದ ಪ್ರತಿಕಾಯ ಸಿಕ್ಕಿತು. ದಕ್ಷಿಣದಲ್ಲಿ ಶೇ 43.1, ಈಶಾನ್ಯದಲ್ಲಿ ಬರೀ ಶೇ 0.3. ಈಶಾನ್ಯದಲ್ಲಿ ಕಾಡು, ಮಳೆ, ಟೈಗರ್ ಸೊಳ್ಳೆ ಎಲ್ಲವೂ ಇವೆ, ರೋಗನಿರೋಧಕ ಶಕ್ತಿ ಮಾತ್ರ ಇಲ್ಲ. ಎ226ವಿ ಇರುವ ವೈರಸ್ ಅಲ್ಲಿಗೆ ಕಾಲಿಟ್ಟರೆ ಸುದ್ದಿ ದೊಡ್ಡದಾಗುತ್ತದೆ. ನಮ್ಮ ಕಡೆ 2008ರ ನಂತರ ಹುಟ್ಟಿದ ಮಕ್ಕಳು ವರ್ಷ ವರ್ಷ ಹೆಚ್ಚುತ್ತಿರುವುದರಿಂದ ದಕ್ಷಿಣದ ಶೇ 43 ಕೂಡ ಶಾಶ್ವತವಲ್ಲ.

ಲಸಿಕೆಯನ್ನು ಸದ್ಯಕ್ಕೆ ನೆಚ್ಚಿಕೊಳ್ಳುವಂತಿಲ್ಲ. 2023ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಮೊದಲ ಲಸಿಕೆಯನ್ನು ರಿಯೂನಿಯನ್‌ನಲ್ಲಿ ಬಳಸಿದರು. ವಯಸ್ಸಾದವರಲ್ಲಿ ಗಂಭೀರ ಅಡ್ಡಪರಿಣಾಮ ಕಂಡದ್ದರಿಂದ ಅವರಿಗೆ ಕೊಡುವುದನ್ನು ನಿಲ್ಲಿಸಿದರು. 2025ರ ಆಗಸ್ಟ್‌ನಲ್ಲಿ ಅಮೆರಿಕ ಅದರ ಪರವಾನಗಿಯನ್ನೇ ಅಮಾನತು ಮಾಡಿತು.

ಉಳಿಯುವುದು ಸೊಳ್ಳೆ ನಿಯಂತ್ರಣ. ಕರ್ನಾಟಕ ಸರ್ಕಾರ 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ಎಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಡುವ ಮನೆ, ಅಂಗಡಿ, ಕಟ್ಟಡ ಕೆಲಸದ ಜಾಗಗಳಿಗೆ ದಂಡ ಹಾಕುವ ನಿಯಮ ತಂದಿತು. ಸೊಳ್ಳೆ ಅದೇ ಆದ್ದರಿಂದ ಇದರ ಲಾಭ ಚಿಕುನ್‌ಗುನ್ಯಕ್ಕೂ ಸಿಗುತ್ತದೆ. ಆದರೆ ಎಲ್ಲ ಜಿಲ್ಲೆಗೂ ಒಂದೇ ಸುತ್ತೋಲೆ ಕಳಿಸಿದರೆ ಕೆಲಸ ಅರ್ಧ ಮಾತ್ರ ಆಗುತ್ತದೆ. ಕಲಬುರಗಿಯಲ್ಲಿ ಬೇಕಾಗಿರುವುದು ತೊಟ್ಟಿಗೆ ಮುಚ್ಚಳ, ಅದಕ್ಕಿಂತ ಮುಖ್ಯವಾಗಿ ದಿನಾ ಬರುವ ನಲ್ಲಿ ನೀರು. ಸುಳ್ಯದಲ್ಲಿ ಮಳೆ ಹಿಡಿಯುವ ಮೊದಲು ರಬ್ಬರ್ ಕಪ್ಪು ಬೋರಲು ಹಾಕಿಸಬೇಕು, ಅಡಿಕೆ ಹಾಳೆ ಹೆಕ್ಕಿಸಬೇಕು. ಅಲ್ಲಿ ಮನೆಯೊಳಗೆ ಹೊಗೆ ಬಿಟ್ಟರೆ ತೋಟದಲ್ಲಿರುವ ಸೊಳ್ಳೆಗೆ ಏನೂ ಆಗುವುದಿಲ್ಲ. ಮಂಗಳೂರಿನಂಥ ನಗರದಲ್ಲಿ ಕಟ್ಟಡ ಕೆಲಸದ ಜಾಗಗಳ ನೀರು ಈಜಿಪ್ಟೈಗೆ ಅನುಕೂಲ, ಅದೇ ಜಿಲ್ಲೆಯ ತೋಟಗಳು ಟೈಗರ್ ಸೊಳ್ಳೆಗೆ. 226ನೇ ಸ್ಥಾನದಲ್ಲಿ ಅಲನಿನ್ ಇರಲಿ, ವ್ಯಾಲಿನ್ ಇರಲಿ, ಆ ಜಿಲ್ಲೆಯಲ್ಲಿ ಎರಡಕ್ಕೂ ಸೊಳ್ಳೆ ತಯಾರಾಗಿದೆ.